ಕೆಂಪು ದಾರ ಕಟ್ಟಿದ ಡಿಸ್ಕು

ಕಂತು ಮೂರು

“ಒತ್ತಬೇಡಿ!”

ಅಂಚೆಯಜ್ಜ ಬಾಗಿಲಲ್ಲಿ ನಿಂತೇ ಕೂಗಿದರು. ಮೂರು ಮಹಡಿ ಹತ್ತಿ ಬಂದ ಏದುಸಿರಿನಲ್ಲಿ ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ.

ಹೊಲಿಗೆಯಮ್ಮನ ಹೆಬ್ಬೆರಳು ಗುಂಡಿಯ ಮೇಲೆಯೇ ನಿಂತಿತು. ಕೈಯಲ್ಲಿ ವಿಡಿಯೋ ಗೇಮಿನ ಆಟದ ಪೆಟ್ಟಿಗೆಯ ಹಿಡಿಕೆ. ಎದುರಿಗೆ ಹಳೆಯ ಟಿ.ವಿ. ಪರದೆಯ ತುಂಬ ನೀಲಿ ಬೆಳಕು, ನಡುವೆ ಎರಡು ಸಾಲು ಬಿಳಿ ಅಕ್ಷರ. ಆ ಅಕ್ಷರ ಆಕೆಗೆ ಕಾಣುತ್ತಿರಲಿಲ್ಲ. ಅರವತ್ತು ದಾಟಿದ ಆ ಕಣ್ಣುಗಳಿಗೆ ಈಗ ಸಿಗುತ್ತಿದ್ದದ್ದು ಬೆಳಕು ಮತ್ತು ಬಣ್ಣ ಮಾತ್ರ. ಉಳಿದದ್ದನ್ನೆಲ್ಲ ಆಕೆ ಬೆರಳಿನಿಂದ ನೋಡುತ್ತಿದ್ದರು.

“ಯಾಕಣ್ಣಾ? ರಿಪೇರಿಯವನೇ ಹೇಳಿದ್ದು. ಪೆಟ್ಟಿಗೆ ಏನಾದರೂ ಕೇಳಿದರೆ ಹೂಂ ಅನ್ನಿ, ಈ ಗುಂಡಿ ಒತ್ತಿ, ಸರಿಹೋಗುತ್ತೆ ಅಂತ.”

“ಹೂಂ ಅನ್ನೋಕೆ ಮುಂಚೆ ಏನು ಕೇಳ್ತಿದೆ ಅಂತ ತಿಳ್ಕೋಬೇಡವೇ? ಹಿಡಿಕೆ ಕೆಳಗಿಡಿ. ಮೆಲ್ಲಗೆ. ಹಾಂ, ಹಾಗೆ.”

ಅವರು ಕನ್ನಡಕ ಏರಿಸಿ ಪರದೆಯ ಹತ್ತಿರ ಹೋದರು. ಗಟ್ಟಿಯಾಗಿ ಓದಿದರು.

“ಈ ಡಿಸ್ಕು ಈ ಯಂತ್ರದ್ದಲ್ಲ. ಬಳಸಬೇಕಾದರೆ ಇದರಲ್ಲಿರುವುದನ್ನೆಲ್ಲ ಅಳಿಸಬೇಕು. ಅಳಿಸಲೇ?”

ಹೊಲಿಗೆಯಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ತಪ್ಪು ಮಾಡಿದ ಮಗುವಿನ ಕೈಗಳನ್ನು ಹಿಡಿದಂತೆ, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡರು.

ಮಗಳು ತೀರಿಕೊಂಡು ಎರಡು ವರ್ಷ. ಅವಳು ಅಮ್ಮನಿಗೆಂದು ಬಿಟ್ಟುಹೋದ ಧ್ವನಿ ಈ ಪೆಟ್ಟಿಗೆಯಲ್ಲಿತ್ತು. ಕಳೆದ ವಾರ ರಿಪೇರಿಗೆ ಹೋಗಿ ಬಂದ ಮೇಲೆ ಪೆಟ್ಟಿಗೆ ಬಾಯಿ ಬಿಡುತ್ತಿರಲಿಲ್ಲ. ಆಕೆ ಅಂಚೆಯಜ್ಜನ ಬಾಗಿಲು ತಟ್ಟಿದ್ದು ಅದಕ್ಕಾಗಿ.

“ನನ್ನ ಕೈಯಿಂದಲೇ ಅಳಿಸಿಬಿಡ್ತಿದ್ದೆ. ಎರಡು ವರ್ಷ ಕೇಳೋ ಧೈರ್ಯ ಬರಲಿಲ್ಲ. ಧೈರ್ಯ ಬಂದ ದಿನ ನೋಡಿ, ಹೀಗೆ.”

“ಅಳಿಸಿಲ್ಲವಲ್ಲ. ಭಗವಂತ ಅಷ್ಟು ಮಟ್ಟಿಗೆ ನಮ್ಮ ಕಡೆ ಇದ್ದಾನೆ. ಒಂದು ಲೋಟ ನೀರು ಕೊಡಿ ತಂಗಿ. ನಿಮ್ಮ ಮೆಟ್ಟಿಲು ನನ್ನನ್ನು ಅಳಿಸೋ ಹಾಗಿದೆ.”

ಆಕೆ ಅಳುವಿನ ನಡುವೆಯೇ ನಕ್ಕರು.

*

ಅಂಚೆಯಜ್ಜ ನಲವತ್ತು ವರ್ಷ ದುಡಿದದ್ದು ವಿಳಾಸ ತಿಳಿಯದ ಪತ್ರಗಳ ವಿಭಾಗದಲ್ಲಿ. ನೆನೆದ, ಹರಿದ, ಅರ್ಧ ಹೆಸರಿನ ಪತ್ರಗಳನ್ನು ಸೇರಬೇಕಾದ ಕೈಗೆ ಸೇರಿಸುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಕಳೆದುಹೋದದ್ದನ್ನು ಹುಡುಕಿಸಲು ಜನ ಅವರಲ್ಲಿಗೆ ಬರುತ್ತಿದ್ದರು. ಎಂಟು ತಿಂಗಳ ಹಿಂದೆ ಹೆಂಡತಿ ಹೋದಳು. ಆ ಮೇಲೆ ಬಂದವರನ್ನೆಲ್ಲ ಅವರು ವಾಪಸು ಕಳಿಸಿದ್ದರು. ಈಕೆಯನ್ನು ಮಾತ್ರ ಕಳಿಸಲಾಗಲಿಲ್ಲ.

ಅವರ ಚೀಲದಲ್ಲಿ ಮಗಳ ನೋಟ್‌ಬುಕ್ಕಿತ್ತು. ಹೊಲಿಗೆಯಮ್ಮ ನಿನ್ನೆ ಓದಲು ಕೊಟ್ಟದ್ದು. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹನ್ನೊಂದನೆಯ ಪುಟಕ್ಕೆ ಬಂದಾಗ ಅವರು ಚಪ್ಪಲಿ ಮೆಟ್ಟಿ ಓಡಿಬಂದಿದ್ದರು.

“ಕೇಳಿ. ‘ಬೀಗ ಡಿಸ್ಕಿನಲ್ಲಿದೆ, ಬೀಗದ ಕೈ ಬೋರ್ಡಿನಲ್ಲಿದೆ. ಒಂದನ್ನು ಬಿಟ್ಟು ಒಂದು ಬದುಕುವುದಿಲ್ಲ. ಬೇರೆ ಬೋರ್ಡಿಗೆ ಹಾಕಿದರೆ ಅಳಿಸಲೇ ಎಂದು ಕೇಳುತ್ತದೆ. ಬೇಡ ಅನ್ನಬೇಕು.’ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.”

“ಅವಳು ಹಾಗೇ. ಏನು ಮಾಡಿದರೂ ಬರೆದಿಡೋಳು. ಆಟ ಆಡೋ ಪೆಟ್ಟಿಗೆ ತಂದು ಇಟ್ಟಾಗ ನಾನು ಬೈದಿದ್ದೆ ಅಣ್ಣಾ. ಈ ವಯಸ್ಸಲ್ಲಿ ಆಟವೇ ಅಂತ. ಅಮ್ಮಾ, ಇದು ಆಟ ಬಿಟ್ಟು ಓದು ಬರಹ ಕಲಿಯುತ್ತೆ ನೋಡ್ತಿರು ಅಂದಳು. ಹದಿನೈದು ದಿನ ಕೂತಳು. ಕಲಿಸಿಯೇಬಿಟ್ಟಳು.”

ಕಂಪನಿ ಆ ಪೆಟ್ಟಿಗೆಗಳನ್ನು ಮಾಡುವುದನ್ನು ನಿಲ್ಲಿಸಿ ಬಹುಕಾಲವಾಗಿತ್ತು. ಕಂಪ್ಯೂಟರು ಕೊಳ್ಳುವ ಅನುಕೂಲ ಆ ಮನೆಗಿರಲಿಲ್ಲ. ಮಗಳು ಅದರೊಳಗೆ ಆಟದ ವ್ಯವಸ್ಥೆಯ ಮಗ್ಗುಲಲ್ಲೇ ಮತ್ತೊಂದು ಆಪರೇಟಿಂಗ್ ಸಿಸ್ಟಂ ಕೂಡಿಸಿದ್ದಳು. ಅದರಲ್ಲಿ ಬರೆದಳು, ಓದಿದಳು. ಕೊನೆಯ ತಿಂಗಳುಗಳಲ್ಲಿ ಮೈಕು ಹಿಡಿದು ಮಾತಾಡಿದಳು. ನಾನು ಹೋದ ಮೇಲೆ ಕೇಳು ಅಂದಿದ್ದಳು.

ಅಂಚೆಯಜ್ಜ ಮುಂದಿನ ಸಾಲು ಓದಿದರು. “‘ಕಂಪನಿಯವರ ಅಪ್‌ಡೇಟ್ ತಿದ್ದುಪಡಿ ಬಂದರೆ ಒಪ್ಪಬಾರದು. ಒಪ್ಪಿದರೆ ನಮ್ಮ ವ್ಯವಸ್ಥೆಗೆ ಬಾಗಿಲು ಮುಚ್ಚುತ್ತದೆ.’ ನಮ್ಮ ಅಂತಾಳೆ. ಪೆಟ್ಟಿಗೆ ಕೊಟ್ಟವರು ಯಾರು?”

“ಆಫೀಸಿನ ಸ್ನೇಹ ಅಂದಳು. ಅಷ್ಟೇ ಅಂದಳು, ಅಷ್ಟೇ ಕೇಳಿದೆ. ಕಾಯಿಲೆ ಗೊತ್ತಾದ ವಾರ ಫೋನಿನ ನಂಬರು ಬದಲಾಯಿಸಿದಳು. ಆಸ್ಪತ್ರೆಗೆ ಹತ್ತಿರ ಅಂತ ಈ ಮನೆಗೆ ಬಂದ್ವಿ. ಯಾರಿಗೂ ಹೇಳಬೇಡ ಅಂದಳು. ಆಮೇಲೆ ಒಂದು ಸಲ, ಒಂದೇ ಸಲ, ನನ್ನ ಕೈಲಿ ಸ್ಟಾಂಪು ತರಿಸಿದಳು.”

“ಯಾರಿಗೆ ಬರೆದಳು?”

“ಕೇಳಲಿಲ್ಲ. ಹುಷಾರಾದ ಮೇಲೆ ಕೇಳಿದರಾಯಿತು ಅಂದ್ಕೊಂಡೆ.”

ಅಂಚೆಯಜ್ಜ ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದರು. ಡಿಸ್ಕು ತನ್ನ ಸಣ್ಣ ತಟ್ಟೆಯ ಸಮೇತ ಜಾರಿ ಬಂತು. ತಟ್ಟೆಯ ಒಂದು ಮೂಲೆಯಲ್ಲಿ ತಿರುಪಿನ ಬದಲು ಕೆಂಪು ದಾರ ಕಟ್ಟಿತ್ತು. ಹೊಲಿಗೆಯಮ್ಮ ಕೈ ಚಾಚಿ ಗಂಟನ್ನು ಸವರಿದರು.

“ನನ್ನ ಗಂಟು. ನಾನೇ ಕಲಿಸಿದ್ದು. ಇದನ್ನ ಯಾರೂ ಬಿಚ್ಚಿಲ್ಲ.”

“ಹಾಗಾದರೆ ಡಿಸ್ಕು ನಿಮ್ಮದೇ. ಮೇಲಿನ ಡಬ್ಬಿ?”

ಆಕೆಯ ಬೆರಳು ಮುಚ್ಚಳದ ಮೇಲೆ ಓಡಿ ಒಂದು ಕಡೆ ನಿಂತಿತು. ಅಲ್ಲಿ ಇಸ್ತ್ರಿ ಪೆಟ್ಟಿಗೆ ತಗುಲಿ ಕರಗಿದ ಗುರುತಿತ್ತು. “ಡಬ್ಬಿಯೂ ನಮ್ಮದೇ. ಇದು ನಾನು ಮಾಡಿದ ಘನಕಾರ್ಯ. ಆದರೆ ಅಣ್ಣಾ, ಸದ್ದು ಬೇರೆ. ಅವಳ ಪೆಟ್ಟಿಗೆ ನಿದ್ದೆಯಲ್ಲಿ ಉಸಿರಾಡೋ ಹಾಗಿತ್ತು. ಇದು ಗೊರಕೆ ಹೊಡೆಯುತ್ತೆ. ಇದನ್ನ ರಿಪೇರಿಯವನಿಗೂ ಹೇಳಿದೆ. ವಯಸ್ಸಾದ ಕಿವಿ ಅಮ್ಮಾ ಅಂದ.”

ಡಿಸ್ಕು ಅವಳದು, ಡಬ್ಬಿ ಅವಳದು. ಬದಲಾದದ್ದು ಒಳಗಿನ ಬೋರ್ಡು.

ಅಂಚೆಯಜ್ಜ ನೋಟ್‌ಬುಕ್ಕಿನಿಂದ ಬೋರ್ಡಿನ ನಂಬರನ್ನು ತಮ್ಮ ಚೀಟಿಗೆ ಇಳಿಸಿಕೊಂಡರು. ಇಳಿಸುತ್ತ ಒಂದು ಕ್ಷಣ ಕೈ ನಿಂತಿತು. ಅವಳು ನಂಬರಿನ ಕೊನೆಗೆ ಎರಡು ಸಣ್ಣ ಓರೆ ಗೆರೆ ಹಾಕಿದ್ದಳು. ಹಿಂದೆ ಮುಂದೆ ತಿರುವಿದರು. ಎಲ್ಲ ನಂಬರಿಗೂ ಹಾಗೇ.

ಅದು ಅವರ ವಿಭಾಗದ ಎಂಟು ಜನರ ಚಟ. ವಿಳಾಸ ಇಲ್ಲಿಗೆ ಮುಗಿಯಿತು, ಅಳಿಸಿಹೋದದ್ದು ಏನೂ ಇಲ್ಲ ಎಂದು ತಿಳಿಸುವ ಗುರುತು. ಆ ಎಂಟರಲ್ಲಿ ಏಳು ಜನ ಈಗಿಲ್ಲ.

“ನನ್ನ ವಿಳಾಸ ನಿಮಗೆ ಎಲ್ಲಿ ಸಿಕ್ಕಿತು ಅಂದಿರಿ?”

“ಕೊನೆಯ ಪುಟದಲ್ಲಿ. ಕೆಳಗಿನ ಮನೆಯವಳು ಓದಿ ಹೇಳಿದಳು. ಹೆಸರಿಲ್ಲ, ವಿಳಾಸ ಮಾತ್ರ. ಅಯ್ಯೋ, ಅದು ಕಳೆದದ್ದನ್ನ ಹುಡುಕಿಕೊಡೋ ಅಂಚೆಯಜ್ಜನ ಮನೆಯಲ್ಲವೇ ಅಂದಳು. ನನ್ನ ಮಗಳೇ ದಾರಿ ತೋರಿಸಿದಳು ಅಂತ ಬಂದೆ.”

ಅಂಚೆಯಜ್ಜ ನೋಟ್‌ಬುಕ್ಕು ಮುಚ್ಚಿದರು. ನೋಡಿಯೂ ನೋಡದಂತೆ ದಾಟಿಹೋಗುವ ಸುಳಿವುಗಳು ಪ್ರತಿಯೊಬ್ಬರಿಗೂ ಇರುತ್ತವೆ. ಅವರು ದಾಟಿಹೋದರು.

*

ರಿಪೇರಿ ಅಂಗಡಿ ಎರಡು ಬೀದಿ ಆಚೆ, ಔಷಧದಂಗಡಿಗೂ ಬೀಗ ಮಾಡುವವನಿಗೂ ನಡುವೆ ಸಿಕ್ಕಿಕೊಂಡಿತ್ತು. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿದ ಟಿ.ವಿ.ಗಳು, ಮಿಕ್ಸಿಗಳು, ಫ್ಯಾನುಗಳು. ಒಳಗೆ ಬೆಸುಗೆಯ ಹೊಗೆ. ಬೀದಿಯವರೆಲ್ಲ ಆತನನ್ನು ಬೆಸುಗೆಯಣ್ಣ ಅನ್ನುತ್ತಿದ್ದರು. ಪುಸ್ತಕ ನೋಡಿಕೊಳ್ಳುವ ಹೆಂಡತಿಗೆ ಮಾತ್ರ ಅವನು ‘ಇವರು’.

ಅಂಚೆಯಜ್ಜ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

“ಬಿಚ್ಚು.”

“ಏನ್ ತೊಂದರೆ ಯಜಮಾನ್ರೇ? ಮೊನ್ನೆ ತಾನೇ ಕೊಟ್ಟಿದ್ದು.”

“ತೊಂದರೆ ಇದೆಯೋ ಇಲ್ಲವೋ ಅಂತ ತಿಳಿಯೋಕೇ ಬಿಚ್ಚು ಅಂದದ್ದು.”

ಬೆಸುಗೆಯಣ್ಣ ಹೆಂಡತಿಯ ಮುಖ ನೋಡಿದ. ಆಕೆ ಪುಸ್ತಕದಿಂದ ತಲೆಯೆತ್ತಲಿಲ್ಲ. “ನನ್ನನ್ನ ಯಾಕೆ ನೋಡ್ತೀರಿ? ಬಿಚ್ಚಿ. ಬಿಚ್ಚೋಕೇ ಅಲ್ಲವೇ ಅಂಗಡಿ ಇಟ್ಟಿರೋದು.”

ಒಂಬತ್ತು ತಿರುಪು ಬಿಚ್ಚಿದ. ಮುಚ್ಚಳ ಎತ್ತಿದ. ಹಸಿರು ಬೋರ್ಡಿನ ಅಂಚಿನಲ್ಲಿ ಸಣ್ಣ ಬಿಳಿ ಚೀಟಿ. ಅಂಚೆಯಜ್ಜ ತಮ್ಮ ಚೀಟಿಯನ್ನು ಅದರ ಪಕ್ಕದಲ್ಲಿಟ್ಟರು. ಮೊದಲ ಮೂರು ಅಂಕಿ ಒಂದೇ. ಆಮೇಲೆ ಒಂದೂ ಕೂಡುತ್ತಿರಲಿಲ್ಲ.

“ಈ ಬೋರ್ಡು ಯಾರದು?”

“ಯಾರದಾದರೇನು ಯಜಮಾನ್ರೇ, ಬೋರ್ಡು ಬೋರ್ಡೇ. ಆಯಮ್ಮನದರಲ್ಲಿ ಒಂದು ಭಾಗ ಸುಟ್ಟಿತ್ತು. ಕೂತು ಬೆಸೀಬೇಕಾದರೆ ಎರಡು ದಿನ. ಅದೇ ಜಾತಿಯ ಒಳ್ಳೇ ಬೋರ್ಡು ಕೈಯಲ್ಲಿತ್ತು, ಹಾಕಿದೆ. ಟಿ.ವಿ.ಗೂ ಹಾಗೇ, ಮಿಕ್ಸಿಗೂ ಹಾಗೇ. ನೆನಪೆಲ್ಲ ಇರೋದು ಡಿಸ್ಕಲ್ಲಿ. ಡಿಸ್ಕು ನಾನು ಮುಟ್ಟಿಲ್ಲ, ದೇವರಾಣೆ.”

“ಮುಟ್ಟಿಲ್ಲ. ಆದರೆ ಅದರ ಬೀಗದ ಕೈ ಕಿತ್ತಿಟ್ಟುಕೊಂಡೆ.” ಅಂಚೆಯಜ್ಜ ಹನ್ನೊಂದನೆಯ ಪುಟ ತೆರೆದು ಅವನ ಮುಂದೆ ಹಿಡಿದರು. “ಓದು.”

ಅವನು ಓದಿದ. ಮತ್ತೊಮ್ಮೆ ಓದಿದ. ಕೈಯಲ್ಲಿದ್ದ ತಿರುಪುಳಿ ಮೇಜಿಗಿಳಿಯಿತು.

“ಇದು ನನಗೆ ಗೊತ್ತಿರಲಿಲ್ಲ.”

“ಗುಂಡಿ ಒತ್ತಿ ಅಂದೆ ಆಕೆಗೆ. ನಾನು ಐದು ನಿಮಿಷ ತಡವಾಗಿ ಹೋಗಿದ್ದರೆ, ಸತ್ತ ಮಗಳ ಧ್ವನಿಯನ್ನ ತಾಯಿ ಕೈಯಾರೆ ಅಳಿಸಿರೋಳು. ಅದೂ ನಿನ್ನ ಮಾತು ನಂಬಿ.”

“ಸತ್ತ ಮಗಳೇ?” ಹೆಂಡತಿಯ ಕೈಯಿಂದ ಪೆನ್ನು ಬಿತ್ತು. “ಆ ಅಮ್ಮ ಹೇಳಲೇ ಇಲ್ಲವಲ್ಲ. ನೋಡಿದಿರಾ? ನಾನು ಆವತ್ತೇ ಹೇಳಿದೆ, ಕೂತು ಬೆಸೀರಿ ಅಂತ. ಇಲ್ಲ, ಇವರಿಗೆ ಬದಲಿ ಹಾಕೋದು ಸುಲಭ. ಸದ್ಯ, ನನ್ನನ್ನ ಬದಲಾಯಿಸೋಕೆ ಅದೇ ಜಾತಿಯದು ಕೈಗೆ ಸಿಗಲಿಲ್ಲ.”

“ಸುಮ್ನಿರೇ,” ಅಂದ ಬೆಸುಗೆಯಣ್ಣ. ದನಿಯಲ್ಲಿ ಕೋಪವಿರಲಿಲ್ಲ. “ಯಜಮಾನ್ರೇ, ಆ ಬೋರ್ಡು ಸತ್ತಿಲ್ಲ. ಎರಡು ದಿನ ಕೊಡಿ, ಜೀವ ಬರಿಸ್ತೀನಿ. ಒಂದು ಪೈಸೆ ಬೇಡ.”

“ಹಾಗಾದರೆ ತೆಗಿ.”

ಬೆಸುಗೆಯಣ್ಣ ಬಿಡಿಭಾಗದ ಖಾಲಿ ತಟ್ಟೆಯನ್ನು ಮುಂದಕ್ಕೆ ತಳ್ಳಿದ.

“ಇಲ್ಲಿಲ್ಲ ತಾತಾ,” ಎಂದಳು ಹೆಂಡತಿ. “ಒಬ್ಬರು ತಗೊಂಡು ಹೋದರು.”

“ಯಾರು?”

“ಎರಡು ವರ್ಷದಿಂದ ಬಂದು ಕೇಳ್ತಿದ್ದರು. ಊರಿನ ಎಲ್ಲ ರಿಪೇರಿ ಅಂಗಡೀಲೂ ಬರೆಸಿದಾರಂತೆ. ಈ ನಂಬರಿನ ಬೋರ್ಡಿರೋ ಪೆಟ್ಟಿಗೆ ಎಂದಾದರೂ ರಿಪೇರಿಗೆ ಬಂದರೆ ಫೋನ್ ಮಾಡಿ ಅಂತ. ಇವರು ಬೋರ್ಡು ಕಿತ್ತು ತಟ್ಟೆಗೆ ಹಾಕಿದಾಗ ನಾನು ನಂಬರು ನೋಡಿದೆ, ಮಾಡಿದೆ. ಅಷ್ಟರಲ್ಲಿ ಆ ಅಮ್ಮ ಪೆಟ್ಟಿಗೆ ತಗೊಂಡು ಹೋಗಿಯಾಗಿತ್ತು.”

“ಬಂದು ಏನು ಮಾಡಿದ?”

“ಮಾಡೋದೇನು. ಬೋರ್ಡನ್ನ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡರು. ತುಂಬ ಹೊತ್ತು ನಿಂತರು. ಆಮೇಲೆ, ಇದನ್ನ ತಂದ ಹುಡುಗಿ ಹೇಗಿದ್ದಾಳೆ ಅಂದರು. ಹುಡುಗಿ ಅಲ್ಲ ಸಾರ್, ವಯಸ್ಸಾದ ಅಮ್ಮ ಅಂದೆ. ಓ, ಅವರಮ್ಮ, ಅಂತ ನಕ್ಕರು. ಹಾಗಾದರೆ ಅವಳು ಈ ಊರಲ್ಲೇ ಇದ್ದಾಳೆ ಅಂದರು. ಇನ್ನೊಂದು ಸಲ ಹುಡುಕೋ ಧೈರ್ಯ ಮಾಡಿಕೊಂಡು ಬರ್ತೀನಿ, ಆಗ ವಿಳಾಸ ಕೊಡಿ ಅಂದರು.”



ಅವಳು ಹೋದದ್ದೂ ಅವನಿಗೆ ಗೊತ್ತಿಲ್ಲ, ಎಂದುಕೊಂಡರು ಅಂಚೆಯಜ್ಜ. ಬದುಕಿರುವವಳನ್ನು ಹುಡುಕುತ್ತಿದ್ದಾನೆ.

“ಪುಸ್ತಕ ತೋರಿಸಮ್ಮಾ.”

ಆಕೆ ಹಿಂದಿನ ಪುಟ ತಿರುವಿ ಇಟ್ಟಳು. ಬೇಕಾದ ಬಿಡಿಭಾಗ, ಬೇಕಾದವರ ನಂಬರು. ಏಳೆಂಟು ಕೈಬರಹ. ನಾಲ್ಕನೆಯ ಸಾಲಿನಲ್ಲಿ ನೀಲಿ ಶಾಯಿಯ ಎರಡು ನಂಬರು: ಒಂದು ಬೋರ್ಡಿನದು, ಒಂದು ಫೋನಿನದು. ಎರಡರ ಕೊನೆಗೂ ಸಣ್ಣ ಓರೆ ಗೆರೆಗಳು, ಎರಡೆರಡು.

ಈ ಸಲ ದಾಟಿಹೋಗಲು ಜಾಗವಿರಲಿಲ್ಲ.

ಎಂಟು ಜನರ ಆ ಚಟವನ್ನು ಒಂಬತ್ತನೆಯವನೊಬ್ಬ ಕಲಿತಿದ್ದ. ಆರು ವರ್ಷದವನಾಗಿದ್ದಾಗ ಅಪ್ಪನ ಮೇಜಿನ ಕೆಳಗೆ ಕೂತು, ಹಳೆಯ ಲಕೋಟೆಗಳ ಮೇಲೆ ಸುಳ್ಳು ವಿಳಾಸ ಬರೆದು, ಕೊನೆಗೆ ಎರಡು ಗೆರೆ ಎಳೆದು, ‘ಅಪ್ಪಾ, ಮುಗೀತು’ ಎಂದು ಕೂಗುತ್ತಿದ್ದವನು. ಅವನಿಂದ ಹೊಲಿಗೆಯಮ್ಮನ ಮಗಳು ಕಲಿತಿದ್ದಳು.

ಅಂಚೆಯಜ್ಜನ ಆ ಮಗ ಮನೆ ಬಿಟ್ಟು ಮೂರು ವರ್ಷವಾಗಿತ್ತು. ತಾಯಿ ತೀರಿಕೊಂಡ ದಿನ ಬಂದು ಗೇಟಿನ ಹತ್ತಿರ ನಿಂತು ಹೋಗಿದ್ದ. ಅಪ್ಪನ ಫೋನು ಎತ್ತುತ್ತಿರಲಿಲ್ಲ.

“ತಾತಾ, ಕೂತ್ಕೊಳ್ಳಿ. ಮುಖ ಬಿಳಿಚಿಕೊಂಡಿದೆ.”

“ಇಲ್ಲಮ್ಮಾ. ನನಗೊಂದು ಉಪಕಾರ ಮಾಡು. ಈ ನಂಬರಿಗೆ ನೀನೇ ಫೋನ್ ಮಾಡು. ನಾನು ಬಂದದ್ದು ಹೇಳಬೇಡ. ಪೆಟ್ಟಿಗೆಯ ಅಮ್ಮ ಕರೀತಿದಾರೆ, ಸಂಜೆ ಆರಕ್ಕೆ ಬೋರ್ಡು ತಗೊಂಡು ಬನ್ನಿ ಅನ್ನು. ವಿಳಾಸ ಬರ್ಕೋ.”

“ಆ ಹುಡುಗಿ ವಿಷಯ ಕೇಳಿದರೆ?”

“ಫೋನಿನಲ್ಲಿ ಹೇಳೋ ಮಾತಲ್ಲ ಅದು.”

*

ಅಲ್ಲಿಂದ ಹೊರಟ ಅಂಚೆಯಜ್ಜ ನೇರವಾಗಿ ಹೋಗಲಿಲ್ಲ. ಉದ್ಯಾನದ ಬೆಂಚಿನ ಮೇಲೆ ಕೂತರು. ಕೈ ಮುಗಿದರು. ಎಂಟು ತಿಂಗಳಲ್ಲಿ ಮೊದಲ ಸಲ ಅವರ ಪ್ರಾರ್ಥನೆಯಲ್ಲಿ ದೂರು ಇರಲಿಲ್ಲ. ಸಂಜೆ ಆರಕ್ಕೆ ಮಗನ ಮುಖ ನೋಡುತ್ತೇನೆ. ಅವನಿಗೆ ಹೇಳಬೇಕಾದದ್ದು ಕಠಿಣವಾದದ್ದೇ. ಆದರೂ ಹೇಳುವಾಗ ಭುಜದ ಮೇಲೆ ಕೈಯಿಡಬಹುದು.

ಒಂದು ಸಲ ಮನಸ್ಸಿಗೆ ಬೇರೆ ಏನೋ ಬಂತು. ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಅದನ್ನು ಪಕ್ಕಕ್ಕೆ ತಳ್ಳಿದರು. ಇರಲಿಕ್ಕಿಲ್ಲ, ಅಂದುಕೊಂಡರು. ಬೇರೆ ಯಾರದೋ ಇರಬೇಕು.

ಆರಕ್ಕೆ ಹತ್ತು ನಿಮಿಷವಿರುವಾಗ ಮೂರು ಮಹಡಿ ಹತ್ತಿದರು. ಬಾಗಿಲು ತೆರೆದೇ ಇತ್ತು. ಹೊಲಿಗೆಯಮ್ಮ ಕಿಟಕಿಯ ಪಕ್ಕ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ಪೆಟ್ಟಿಗೆಗೆಂದು ಅವರೇ ಹೊಲಿದಿದ್ದ ದಪ್ಪ ಹತ್ತಿಯ ಗವಸು. ಅದರ ಒಂದು ಬದಿ ಬಿಚ್ಚಿತ್ತು.

“ಸಿಕ್ಕಿತಾ ಅಣ್ಣಾ?”

“ಸಿಕ್ಕಿದೆ ತಂಗಿ. ಬೋರ್ಡಿದೆ. ಜೀವವೂ ಇದೆ. ಈಗ ಬರುತ್ತೆ.”

ಆಕೆ ಕಣ್ಣು ಮುಚ್ಚಿದರು. ತುಟಿ ಅಲುಗಿತು. ಯಾರಿಗೆ ಏನು ಹೇಳಿದರೋ, ಅದು ಈ ಕೋಣೆಯವರಿಗೆ ಹೇಳಿದ್ದಲ್ಲ.

ಆಮೇಲೆ ಎಂದರು: “ನನಗೂ ಒಂದು ಸಿಕ್ಕಿದೆ. ಗವಸು ಒಗೆಯೋಣ ಅಂತ ತೆಗೆದೆ. ಒಂದು ಕಡೆ ಹೊಲಿಗೆ ನನ್ನದಲ್ಲ. ನಾನು ಇಷ್ಟು ದೊಡ್ಡ ಹೊಲಿಗೆ ಹಾಕೋಳಲ್ಲ. ಅವಳು ಬಿಚ್ಚಿ, ಒಳಗಿಟ್ಟು, ಮತ್ತೆ ಹೊಲಿದಿದ್ದಾಳೆ. ಕೈ ನಡುಗೋ ಕಾಲದಲ್ಲಿ ಹೊಲಿದದ್ದು.”

ಹತ್ತಿಯೊಳಗಿಂದ ಒಂದು ಲಕೋಟೆ ತೆಗೆದರು. ಅಂಟು ಬಿಚ್ಚಿರಲಿಲ್ಲ.

“ನಾನು ತಂದ ಸ್ಟಾಂಪು. ಅಂಚು ಮುಟ್ಟಿದರೆ ಗೊತ್ತಾಗುತ್ತೆ. ಕಳಿಸಿದ್ದಾಳೆ, ವಾಪಸು ಬಂದಿದೆ. ನನಗೆ ಒಂದು ಮಾತು ಹೇಳಲಿಲ್ಲ. ಆಮೇಲೆ ಅವಳು ಕಿಟಕಿ ಹತ್ತಿರ ಕೂರೋದೇ ಬಿಟ್ಟಳು, ಅಷ್ಟು ನೆನಪಿದೆ. ಮೇಲೆ ಕೆಂಪಗೆ ಯಾರೋ ಏನೋ ಗೀಚಿದಾರೆ. ಕಣ್ಣಿಗೆ ಕೆಂಪು ಕಾಣುತ್ತೆ, ಅಕ್ಷರ ಕಾಣೋಲ್ಲ. ನಲವತ್ತು ವರ್ಷ ಇದೇ ಕೆಲಸ ಮಾಡಿದವರು ನೀವು. ಓದಿ.”

ಅಂಚೆಯಜ್ಜ ಲಕೋಟೆಯನ್ನು ಕೈಗೆ ತೆಗೆದುಕೊಂಡರು.

ದುಂಡನೆಯ ಅಕ್ಷರ. ಮಗನ ಹೆಸರು, ಕೆಳಗೆ ಅವರದೇ ಮನೆಯ ವಿಳಾಸ. ಕೊನೆಗೆ ಎರಡು ಓರೆ ಗೆರೆ. ಅದರ ಮೇಲೆ ಅಡ್ಡವಾಗಿ ಕೆಂಪು ಶಾಯಿಯಲ್ಲಿ, ಒಂದು ಅಕ್ಷರವೂ ಅಲುಗದ ಕಚೇರಿಯ ಕೈಬರಹದಲ್ಲಿ, ‘ವಿಳಾಸದಾರರು ಇಲ್ಲ’.

ಮೂರು ವರ್ಷದ ಹಿಂದಿನ ಮಧ್ಯಾಹ್ನ. ಹೆಂಡತಿಗೆ ಎದೆಯ ಕಾಯಿಲೆ. ಮಗ ಯಾರದೋ ಜೊತೆ ದೂರದ ಊರಿಗೆ ಹೋಗುವ ಮಾತಾಡುತ್ತಿದ್ದ. ಒಂದು ಲಕೋಟೆ ಬಂತು, ಹುಡುಗಿಯ ಬರಹ. ಮಗ ಒಳಗೆ ಮಲಗಿದ್ದ. ಬಾಗಿಲಲ್ಲಿ ನಿಂತೇ ಅವರು ಕೆಂಪು ಪೆನ್ನು ತೆಗೆದು ಬರೆದು, ತಂದವನ ಕೈಗೇ ಮರಳಿಸಿದ್ದರು. ನಲವತ್ತು ವರ್ಷದಲ್ಲಿ ಲಕ್ಷ ಪತ್ರ ಮುಟ್ಟಿಸಿದ ಕೈ ತಡೆದದ್ದು ಅದೊಂದನ್ನೇ. ಅವನಿಗೆ ಕಾಗದ ಏನಾದರೂ ಬಂದಿತ್ತೇ ಎಂದು ಹೆಂಡತಿ ಕೊನೆಯವರೆಗೂ ಕೇಳಿದಳು. ಇಲ್ಲ ಎಂದೇ ಹೇಳಿದ್ದರು.

“ಓದಿ ಅಣ್ಣಾ. ಕೆಂಪಗೆ ಏನು ಬರೆದಿದೆ?”

“ವಿಳಾಸದಾರರು ಇಲ್ಲ ಅಂತ.”

“ನಿಜವಾಗಿ ಇರಲಿಲ್ಲವೋ? ಇದ್ದೂ ಇಲ್ಲ ಅಂದರೋ?”

ಕೆಳಗೆ ಬೀದಿಯ ಬಾಗಿಲು ಕಿರುಗುಟ್ಟಿತು. ಮೆಟ್ಟಿಲ ಮೇಲೆ ಹೆಜ್ಜೆ. ಒಂದು ಮೆಟ್ಟಿಲು ಬಿಟ್ಟು ಒಂದು ಮೆಟ್ಟಿಲು. ಆರು ವರ್ಷದವನಾಗಿದ್ದಾಗಿನಿಂದ ಹಾಗೆಯೇ ಹತ್ತುತ್ತಿದ್ದ.

ಲಕೋಟೆ ಇನ್ನೂ ಅಂಚೆಯಜ್ಜನ ಕೈಯಲ್ಲಿತ್ತು. ಕಿಟಕಿ ಪಕ್ಕದಲ್ಲಿತ್ತು, ಜೇಬು ಅದಕ್ಕಿಂತ ಹತ್ತಿರದಲ್ಲಿತ್ತು. ಹೊಲಿಗೆಯಮ್ಮನಿಗೆ ಕಾಣುವುದು ಕೆಂಪು ಬಣ್ಣ ಒಂದೇ.

“ಇದನ್ನ ಬರೆದ ಕೈ ಯಾರದು ಅಂತ ನೀವು ಹುಡುಕಿಕೊಡಬೇಕು,” ಎಂದರು ಹೊಲಿಗೆಯಮ್ಮ. ಹೆಜ್ಜೆಯ ಸದ್ದಿಗೆ ಮುಖ ಬಾಗಿಲಿನತ್ತ ತಿರುಗಿತು. “ಯಾರೋ ಬರ್ತಿದಾರೆ. ಬೇಗ ಹೇಳಿ ಅಣ್ಣಾ. ನನ್ನ ಮಗಳು ಕಾದದ್ದು ಯಾರಿಗೆ? ಮೇಲೆ ಯಾರ ಹೆಸರಿದೆ?”